ಪ್ರಮಾಣಪತ್ರ ಬಂತು, ಪಂದ್ಯ ಬರಲಿಲ್ಲ

ಸಂಪಾದಕರಿಗೆ,

ಮಾನ್ಯರೇ,

ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಕಳೆದ ವಾರ ಶಾಲಾ ಬೇಸ್‌ಬಾಲ್ ತಂಡವೊಂದು ವಿಭಾಗ ಮಟ್ಟಕ್ಕೆ ಆಯ್ಕೆಯಾದ ಸುದ್ದಿ ಚಿತ್ರಸಹಿತ ಪ್ರಕಟವಾಗಿತ್ತು. ಮುಂದಿನ ಸಾಲಿನ ಕುರ್ಚಿಗಳಲ್ಲಿ ಮುಖ್ಯೋಪಾಧ್ಯಾಯರು, ಎಸ್‌ಡಿಎಂಸಿ ಅಧ್ಯಕ್ಷರು ಮತ್ತು ಊರ ಹಿರಿಯರು ಕುಳಿತಿದ್ದರು. ಮಕ್ಕಳು ಹಾರ ಹಾಕಿಕೊಂಡು ಹಿಂದೆ ನಿಂತಿದ್ದರು. ಮೂವತ್ತು ವರ್ಷ ದೈಹಿಕ ಶಿಕ್ಷಣ ಶಿಕ್ಷಕನಾಗಿದ್ದ ನನ್ನ ಕಣ್ಣು ಅಭ್ಯಾಸಬಲದಿಂದ ಮಕ್ಕಳ ಕೈಗಳ ಕಡೆಗೆ ಹೋಯಿತು. ಒಬ್ಬರ ಕೈಯಲ್ಲೂ ಗ್ಲೌಸ್ ಇರಲಿಲ್ಲ. ಚಿತ್ರದಲ್ಲಿ ಕಂಡ ಒಂದೇ ಒಂದು ಬ್ಯಾಟು ಕ್ರಿಕೆಟ್ಟಿನದಾಗಿತ್ತು. ಆ ಮಕ್ಕಳನ್ನಾಗಲಿ ಅವರ ಶಿಕ್ಷಕರನ್ನಾಗಲಿ ಹಂಗಿಸಲು ನಾನು ಈ ಪತ್ರ ಬರೆಯುತ್ತಿಲ್ಲ. ಅಂಥ ಚಿತ್ರಗಳಲ್ಲಿ ನಾನೂ ನಿಂತವನೇ.

ಸುಮಾರು ಹದಿನೈದು ವರ್ಷಗಳ ಹಿಂದಿನ ಮಾತು. ಆಗ ನಾನು ಜಮಖಂಡಿ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿದ್ದೆ. ತಾಲ್ಲೂಕು ಕ್ರೀಡಾಕೂಟದ ಸುತ್ತೋಲೆ ಬಂತು. ಗುಂಪು ಆಟಗಳ ಪಟ್ಟಿಯಲ್ಲಿ ಬೇಸ್‌ಬಾಲಿನ ಹೆಸರೂ ಇತ್ತು. ನಮ್ಮ ಬಾಲಕಿಯರ ಕಬಡ್ಡಿ ತಂಡ ವಲಯ ಮಟ್ಟದಲ್ಲೇ ಸೋತು ಮರಳಿತ್ತು. ಅವರ ಹೆಸರನ್ನೇ ಬೇಸ್‌ಬಾಲಿಗೆ ಬರೆದುಕೊಟ್ಟುಬಿಡಿ, ಬೇರೆ ಯಾರೂ ಬರುವುದಿಲ್ಲ ಎಂದು ಹಿರಿಯ ಸಹೋದ್ಯೋಗಿಯೊಬ್ಬರು ಸಲಹೆ ಕೊಟ್ಟರು. ಬರೆದುಕೊಟ್ಟೆ. ಅವರು ಹೇಳಿದಂತೆಯೇ ಆಯಿತು: ತಾಲ್ಲೂಕಿನಲ್ಲಿ ಎದುರಾಳಿಗಳು ಬರಲಿಲ್ಲ, ಜಿಲ್ಲೆಯಲ್ಲೂ ಬರಲಿಲ್ಲ. ಒಂದು ಚೆಂಡನ್ನೂ ಹೊಡೆಯದೆ, ಹಿಡಿಯದೆ, ಎಸೆಯದೆ ನಮ್ಮ ಹುಡುಗಿಯರು ಜಿಲ್ಲೆಗೆ ಪ್ರಥಮರಾದರು. ಪ್ರಮಾಣಪತ್ರ ಹಂಚುವಾಗ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು, 'ಸರ್, ನಾವು ಆಡೇ ಇಲ್ಲಲ್ರಿ, ಗೆದ್ದೀವಿ ಅಂತ ಮನ್ಯಾಗ ಹೆಂಗ ಹೇಳೂದ್ರಿ?' ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ವಿಭಾಗ ಮಟ್ಟಕ್ಕೆ ಹೋದಾಗ ಎದುರಿನ ತಂಡಕ್ಕೆ ನಿಜವಾಗಿಯೂ ಆಟ ಬರುತ್ತಿತ್ತು. ನಮ್ಮವರು ಚೆಂಡು ಹೊಡೆದ ಕೂಡಲೇ ಬ್ಯಾಟನ್ನು ಕೆಳಗೆ ಬಿಟ್ಟು ಓಡುವ ಬದಲು ಕ್ರಿಕೆಟ್ಟಿನಂತೆ ಕೈಯಲ್ಲೇ ಹಿಡಿದು ಓಡುತ್ತಿದ್ದರು. ಎರವಲು ತಂದ ಗ್ಲೌಸನ್ನು ಎಸೆಯುವ ಕೈಗೇ ಹಾಕಿಕೊಂಡು, ಚೆಂಡು ಸಿಕ್ಕ ಮೇಲೆ ಅದನ್ನು ಕಳಚಿ ಕೆಳಗಿಟ್ಟು ಆಮೇಲೆ ಎಸೆಯುತ್ತಿದ್ದರು. ಮೊದಲ ಇನ್ನಿಂಗ್ ಮುಗಿಯುವ ಮೊದಲೇ ನಾನು ರನ್ ಎಣಿಸುವುದನ್ನು ಬಿಟ್ಟಿದ್ದೆ.

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ಮಕ್ಕಳ ಬೇಸ್‌ಬಾಲ್ ಬೆಳೆಯುತ್ತಿದೆಯೇ ಎಂದು ಕೇಳಿದರೆ, ಕಾಗದದ ಮೇಲೆ ಬೆಳೆಯುತ್ತಿದೆ ಎಂದೇ ಹೇಳಬೇಕಾಗುತ್ತದೆ. ಭಾರತೀಯ ಶಾಲಾ ಕ್ರೀಡಾ ಒಕ್ಕೂಟದ ಪಟ್ಟಿಯಲ್ಲಿ ಈ ಆಟವಿದೆ, ಅಂತರ ವಿಶ್ವವಿದ್ಯಾಲಯ ಕ್ರೀಡಾಕೂಟಗಳಲ್ಲೂ ಇದೆ. ವಲಯದಿಂದ ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂದು ಮೇಲೇರುವ ಮೆಟ್ಟಿಲುಗಳೂ ಸಿದ್ಧವಾಗಿವೆ. ಆದರೆ ನಮ್ಮ ಮಕ್ಕಳಿಗೆ ಸಿಗುತ್ತಿರುವುದು ಆಯ್ಕೆಯೇ ಹೊರತು ಆಟವಲ್ಲ. ಕ್ರೀಡಾಕೂಟದ ಹಿಂದಿನ ವಾರ ತಂಡ ಹುಟ್ಟುತ್ತದೆ, ಸೋತ ದಿನ ಸಾಯುತ್ತದೆ, ಮರುವರ್ಷ ಬೇರೆ ಮಕ್ಕಳೊಂದಿಗೆ ಮತ್ತೆ ಹುಟ್ಟುತ್ತದೆ. ವರ್ಷಕ್ಕೆ ಒಂದೋ ಎರಡೋ ಪಂದ್ಯ ಆಡುವ ಮಗು ಯಾವ ಆಟವನ್ನೂ ಕಲಿಯಲಾರದು; ಬೇಸ್‌ಬಾಲಿನಂಥ, ನೋಡಿದರೂ ಬೇಗ ಅರ್ಥವಾಗದ ಆಟವನ್ನಂತೂ ಕಲಿಯುವುದು ಸಾಧ್ಯವೇ ಇಲ್ಲ. ಆದ್ದರಿಂದ ಸಂಬಂಧಪಟ್ಟವರಲ್ಲಿ ನಾನು ಕೇಳುವುದು ಕ್ರೀಡಾಂಗಣವನ್ನಲ್ಲ, ಅಕಾಡೆಮಿಯನ್ನೂ ಅಲ್ಲ. ಅಕ್ಟೋಬರಿನಿಂದ ಫೆಬ್ರುವರಿಯವರೆಗೆ ಶನಿವಾರಗಳಂದು ನೆರೆಹೊರೆಯ ಶಾಲೆಗಳು ಒಂದರೊಡನೊಂದು ಆಡುವ ಪಂದ್ಯಗಳನ್ನು ಮಾತ್ರ ಕೇಳುತ್ತಿದ್ದೇನೆ.

ಈ ಆಟಕ್ಕೆ ಬೇಕಾದ ಮೈಗುಣ ನಮ್ಮ ಸೀಮೆಯ ಮಕ್ಕಳಲ್ಲಿದೆ ಎಂಬುದರಲ್ಲಿ ನನಗೆ ಸಂಶಯವಿಲ್ಲ. ವಿಜಯಪುರದ ಬಿಳಿಜೋಳದ ಹೊಲಗಳಲ್ಲಿ ತೆನೆ ಕಟ್ಟುವ ಕಾಲಕ್ಕೆ ಅಟ್ಟಣಿಗೆ ಹತ್ತಿ ಕವಣೆ ಬೀಸಿ ಹಕ್ಕಿ ಓಡಿಸಿದ ಹುಡುಗನ ಭುಜದಲ್ಲಿ ಎಂಥ ಬಲವಿರುತ್ತದೆಂಬುದನ್ನು ನೋಡಿದವರೇ ಬಲ್ಲರು. ಲಗೋರಿ ಆಡಿದವರಿಗೆ ಓಡುವವನ ಮುಂದಿನ ಜಾಗಕ್ಕೆ ಚೆಂಡು ಎಸೆಯಬೇಕೆಂಬುದನ್ನು ಹೇಳಿಕೊಡಬೇಕಾಗಿಲ್ಲ. ಬೇಸ್‌ಬಾಲಿನಲ್ಲಿ ಚೆಂಡು ಹೊಡೆದವರು ಚೌಕದ ಮೂಲೆಗಳಲ್ಲಿರುವ ಬೇಸುಗಳನ್ನು ಮುಟ್ಟುತ್ತ ಸುತ್ತು ಓಡಬೇಕು; ಖೊಖೊ ಆಡುವ ಹುಡುಗಿ ಎರಡನೆಯ ಬೇಸಿನ ಬಳಿ ವೇಗ ತಗ್ಗಿಸದೆ ತಿರುಗುವ ರೀತಿಯನ್ನು ಕ್ರಿಕೆಟ್ ಮಾತ್ರ ಆಡಿದ ಹುಡುಗ ಕಲಿಯಲು ತಿಂಗಳುಗಳೇ ಬೇಕು. ಕ್ರಿಕೆಟ್ಟಿನ ಬೌಲರನು ಮೊಣಕೈ ನೇರವಾಗಿಟ್ಟು ಎಸೆಯಬೇಕು. ಬೇಸ್‌ಬಾಲಿನಲ್ಲಿ ಬ್ಯಾಟರನತ್ತ ಚೆಂಡೆಸೆಯುವ ಪಿಚರ್ ಕಲ್ಲೆಸೆದಂತೆ ಮೊಣಕೈ ಮಡಿಸಿ ಎಸೆಯುತ್ತಾನೆ. ಹಾಗಾಗಿ ಇಲ್ಲಿ ಒಳ್ಳೆಯ ಬೌಲರನಿಗಿಂತ ಒಳ್ಳೆಯ ಭರ್ಜಿ ಎಸೆತಗಾರ ಬೇಗ ಪಳಗುತ್ತಾನೆ. ಲಖನೌದ ಕ್ರೀಡಾ ಕಾಲೇಜಿನಲ್ಲಿ ಭರ್ಜಿ ಎಸೆಯುತ್ತಿದ್ದ ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್ ಎಂಬ ಹಳ್ಳಿಯ ಹುಡುಗರು ಅದುವರೆಗೆ ಬೇಸ್‌ಬಾಲನ್ನು ಆಡಿಯೇ ಇರಲಿಲ್ಲ. ಚೆಂಡೆಸೆತದ ಸ್ಪರ್ಧೆಯೊಂದರಲ್ಲಿ ಮೊದಲ ಎರಡು ಸ್ಥಾನ ಪಡೆದು 2008ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್ ಪೈರೇಟ್ಸ್ ಸಂಸ್ಥೆಯೊಡನೆ ಒಪ್ಪಂದ ಮಾಡಿಕೊಂಡರು. ರಿಂಕು ಆಮೇಲೆ ಅಲ್ಲಿನ ವೃತ್ತಿಪರ ಕುಸ್ತಿಗೆ ಇಳಿದರೆಂಬುದು ಗರಡಿಮನೆಗಳ ನಾಡಿನವರಾದ ನಮಗೆ ಬೇರೆಯೇ ಸ್ವಾರಸ್ಯ. ಆದರೆ ಇಂಥ ಅದೃಷ್ಟದ ಕತೆಗಳ ಆಸೆ ತೋರಿಸಿ ಮಕ್ಕಳನ್ನು ಮೈದಾನಕ್ಕೆ ಕರೆಯುವುದು ನನಗೆ ಒಪ್ಪಿಗೆಯಿಲ್ಲ. ಅದು ಇಬ್ಬರ ಕತೆ. ನಾನು ಹೇಳುತ್ತಿರುವುದು ಸಾವಿರಾರು ಮಕ್ಕಳ ಶನಿವಾರದ ಮಾತು.

ಮೈದಾನವಿಲ್ಲ ಎಂಬುದು ಮೊದಲು ಕೇಳಿಬರುವ ಆಕ್ಷೇಪ. ದೊಡ್ಡವರ ಆಟದಲ್ಲಿ ಬೇಸಿನಿಂದ ಬೇಸಿಗೆ 90 ಅಡಿ ಇರುವುದು ನಿಜ. ಆದರೆ ಹನ್ನೆರಡು ವರ್ಷದವರೆಗಿನ ಮಕ್ಕಳಿಗೆ ಲಿಟಲ್ ಲೀಗ್ ಎಂಬ ಅಮೆರಿಕದ ಮಕ್ಕಳ ಬೇಸ್‌ಬಾಲ್ ಸಂಸ್ಥೆ ಬಳಸುವ ಅಳತೆ 60 ಅಡಿ ಮಾತ್ರ. ಪಿಚರ್ ನಿಲ್ಲುವ ಜಾಗ ಬ್ಯಾಟರ್ ನಿಲ್ಲುವ ಮೂಲೆಯಾದ ಹೋಮ್ ಪ್ಲೇಟಿನಿಂದ 46 ಅಡಿ ದೂರದಲ್ಲಿರುತ್ತದೆ. ಕ್ರಿಕೆಟ್ಟಿನಂತೆ ನಡುವೆ ನೀರುಣಿಸಿ ರೋಲರ್ ಎಳೆದು ಪಿಚ್ ಮಾಡುವ ಕೆಲಸವಿಲ್ಲ. ಒಂದು ಹಗ್ಗ, ನಾಲ್ಕು ಗೂಟ, ಒಂದಿಷ್ಟು ಸುಣ್ಣದ ಪುಡಿ ಇದ್ದರೆ ಅರ್ಧ ತಾಸಿನಲ್ಲಿ ಡೈಮಂಡ್ ಎಂಬ ಬೇಸುಗಳ ಚೌಕ ಸಿದ್ಧವಾಗುತ್ತದೆ. ಹೋಮ್ ಪ್ಲೇಟಿನಿಂದ ಎರಡನೆಯ ಬೇಸಿಗೆ 84 ಅಡಿ 10 ಅಂಗುಲ ಬಂದರೆ ಮೂಲೆಗಳು ಸರಿಯಾಗಿವೆ ಎಂದರ್ಥ. ಎಂಟನೆಯ ತರಗತಿಯ ಮಕ್ಕಳಿಂದ ಈ ಅಳತೆ ಮಾಡಿಸಿದರೆ ಗಣಿತದ ಶಿಕ್ಷಕರಿಗೂ ಸಂತೋಷವಾಗುತ್ತದೆ. ನಿಜವಾದ ತೊಂದರೆ ನಮ್ಮ ಎರೆ ಮಣ್ಣಿನದು. ಮಳೆಗಾಲದಲ್ಲಿ ಅದು ಬೂಟಿಗೆ ಮುದ್ದೆಯಾಗಿ ಮೆತ್ತಿಕೊಳ್ಳುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ನೆಲದ ಮೇಲೆ ಉರುಳಿ ಬರುವ ಚೆಂಡು ಎಲ್ಲಿಗೆ ಪುಟಿಯುತ್ತದೆಂದು ಹೇಳಲಾಗುವುದಿಲ್ಲ. ಗರಸು ಹಾಕಿ ರೋಲರ್ ಹೊಡೆದರೆ ನೆಲ ಸಮವಾಗುತ್ತದೆ, ಆದರೆ ಜಾರಿ ಬೇಸು ಮುಟ್ಟುವ ಮಗುವಿನ ತೊಡೆಯ ಚರ್ಮ ಕಿತ್ತುಬರುತ್ತದೆ. ಎರೆಗೆ ಮರಳು ಬೆರೆಸುವುದೇ ಉತ್ತಮ. ಜಪಾನಿನಲ್ಲಿ ಪ್ರೌಢಶಾಲೆಗಳ ರಾಷ್ಟ್ರೀಯ ಬೇಸ್‌ಬಾಲ್ ಪಂದ್ಯಾವಳಿ ನಡೆಯುವ ಕೋಶಿಯೆನ್ ಕ್ರೀಡಾಂಗಣದ ಒಳ ಅಂಗಳವೂ ಕಪ್ಪು ಮಣ್ಣಿಗೆ ಮರಳು ಬೆರೆಸಿ ಮಾಡಿದ್ದೇ. ಅಲ್ಲಿ ಸೋತ ತಂಡದ ಹುಡುಗರು ಆ ಮಣ್ಣನ್ನು ಚೀಲದಲ್ಲಿ ತುಂಬಿಕೊಂಡು ಊರಿಗೆ ಒಯ್ಯುವ ಪದ್ಧತಿಯಿದೆ. ನಮ್ಮಲ್ಲಿ ನರೇಗಾ ಯೋಜನೆಯಡಿ ಹಲವು ಶಾಲೆಗಳಿಗೆ ಆಟದ ಮೈದಾನಗಳಾಗಿವೆ; ಬಾಗಲಕೋಟೆಯ ನವನಗರದಂಥ, ಆಲಮಟ್ಟಿ ಹಿನ್ನೀರಿನಲ್ಲಿ ಮನೆ ಕಳೆದುಕೊಂಡವರಿಗಾಗಿ ಸೆಕ್ಟರುಗಳಾಗಿ ಕಟ್ಟಿದ ಊರಿನಲ್ಲಿ ಬಯಲು ಜಾಗಕ್ಕೆ ಬರವಿಲ್ಲ. ಇದ್ದ ಮೈದಾನದ ಒಂದು ಮೂಲೆಯನ್ನು ಈ ಆಟಕ್ಕೆ ಬಿಟ್ಟುಕೊಟ್ಟರೆ ಸಾಕು.

ಸಾಮಗ್ರಿಯ ವಿಷಯದಲ್ಲೂ ಲೆಕ್ಕ ತಿಳಿಯದೆ ಹೆದರುತ್ತೇವೆ. ಗ್ಲೌಸ್ ಬೇಕಾಗುವುದು ಚೆಂಡು ಹಿಡಿಯುವ ತಂಡಕ್ಕೆ ಮಾತ್ರ. ಹೊಡೆಯುವ ತಂಡ ಅದನ್ನು ಮುಟ್ಟುವುದಿಲ್ಲ. ಆದ್ದರಿಂದ ಒಂಬತ್ತು ಗ್ಲೌಸುಗಳಲ್ಲಿ ಎರಡು ತಂಡಗಳು ಆಡಬಹುದು, ಒಂದು ಪೆಟ್ಟಿಗೆಯ ಸಾಮಾನು ನಾಲ್ಕೈದು ಶಾಲೆಗಳಿಗೆ ಸಾಲುತ್ತದೆ. ಎರಡು ಬ್ಯಾಟು, ನಾಲ್ಕು ಹೆಲ್ಮೆಟ್ಟು, ಬ್ಯಾಟರನ ಹಿಂದೆ ಕುಳಿತು ಚೆಂಡು ಹಿಡಿಯುವ ಕ್ಯಾಚರನಿಗೆ ಮುಖದ ಮಾಸ್ಕು, ಎದೆಯ ಕವಚ ಮತ್ತು ಮೊಣಕಾಲಿನ ಪ್ಯಾಡು. ಹಣ ಉಳಿಸಲು ಕ್ಯಾಚರನ ಸಾಮಾನನ್ನು ಕೈಬಿಡುವವರನ್ನು ಕಂಡಿದ್ದೇನೆ. ಅಂಥವರಿಗೆ ತಂಡ ಕಟ್ಟಲು ಅವಕಾಶವನ್ನೇ ಕೊಡಬಾರದು. ಬೇಸ್‌ಬಾಲಿನ ಚೆಂಡು ಕ್ರಿಕೆಟ್ ಚೆಂಡಿಗಿಂತ ತುಸು ಹಗುರ, ಸುಮಾರು 145 ಗ್ರಾಂ; ಆದರೆ ಮಾಸ್ಕಿಲ್ಲದ ಮುಖಕ್ಕೆ ಆ ವ್ಯತ್ಯಾಸ ತಿಳಿಯುವುದಿಲ್ಲ. ಇನ್ನೊಂದು ಸಣ್ಣ ಮಾತು: ಪೆಟ್ಟಿಗೆ ತರಿಸುವವರು ಎಡಗೈಯಲ್ಲಿ ಎಸೆಯುವ ಮಕ್ಕಳನ್ನು ಮರೆಯುತ್ತಾರೆ. ಅವರ ಗ್ಲೌಸ್ ಬಲಗೈಗೆ ಹಾಕುವಂಥದ್ದಾಗಿರಬೇಕು. ಎಡಚ ಪಿಚರನನ್ನು ಎದುರಿಸುವುದು ಕಷ್ಟವೆಂದು ಎಲ್ಲ ತಂಡಗಳೂ ಅವನನ್ನು ಹುಡುಕುತ್ತವೆ. ನಾವು ಮಾತ್ರ ಗ್ಲೌಸಿಲ್ಲವೆಂದು ಅವನನ್ನು ಕೂರಿಸುತ್ತೇವೆ.

ಇನ್ನು ಮೊಣಕೈಯ ವಿಷಯ. ಇದನ್ನು ಬರೆಯಲು ನನಗೆ ಸಂಕೋಚವಿದೆ, ಆದರೆ ಬರೆಯದಿದ್ದರೆ ಈ ಪತ್ರಕ್ಕೆ ಅರ್ಥವಿಲ್ಲ. ಆಡದೆ ಗೆದ್ದ ಅವಮಾನದ ಬಳಿಕ ನಾನು ನಿಯಮದ ಪುಸ್ತಕ ತರಿಸಿ ಓದಿದೆ, ಎರಡು ವರ್ಷ ಹುಡುಗರನ್ನು ಪಳಗಿಸಿದೆ. ಅವರಲ್ಲಿ ಹದಿಮೂರರ ಒಬ್ಬ ಹುಡುಗನಿದ್ದ. ಅವನ ಎಸೆತವನ್ನು ಹಿಡಿಯಲು ದೊಡ್ಡವರೂ ಹಿಂಜರಿಯುತ್ತಿದ್ದರು. ಅಷ್ಟರಲ್ಲಿ ಬೇರೆ ಕೆಲವು ಶಾಲೆಗಳೂ ತಂಡ ಕಟ್ಟಿದ್ದವು, ಎಲ್ಲ ಪಂದ್ಯಗಳೂ ಒಂದೇ ದಿನದಲ್ಲಿ ಮುಗಿಯಬೇಕಾಗಿತ್ತು. ಬೆಳಿಗ್ಗೆಯಿಂದ ಸಂಜೆಯವರೆಗೆ ಮೂರು ಪಂದ್ಯ, ಮೂರರಲ್ಲೂ ಅವನೇ ಪಿಚರ್. ಎಷ್ಟು ಎಸೆದನೆಂದು ನಾನು ಎಣಿಸಲಿಲ್ಲ. ಎಣಿಸಬೇಕೆಂಬುದೇ ನನಗೆ ಗೊತ್ತಿರಲಿಲ್ಲ. ನಾವು ಗೆದ್ದೆವು. ಮರುದಿನ ಹುಡುಗ ಎಡಗೈಯಲ್ಲಿ ರೊಟ್ಟಿ ಮುರಿಯುತ್ತಿದ್ದಾನೆಂದು ಅವನ ತಾಯಿ ಹೇಳಿಕಳಿಸಿದರು. ಬೆಳೆಯುವ ವಯಸ್ಸಿನಲ್ಲಿ ಮೊಣಕೈಯ ಮೂಳೆಯ ತುದಿ ಇನ್ನೂ ಮೃದುವಾಗಿರುತ್ತದೆ, ಅದರ ಮೇಲೆ ಪದೇಪದೇ ಸೆಳೆತ ಬಿದ್ದಿದೆ ಎಂದು ವೈದ್ಯರು ವಿವರಿಸಿದರು. ನೋವು ಹೋಯಿತು, ಆದರೆ ಅವನು ಮತ್ತೆ ಚೆಂಡೆಸೆಯಲಿಲ್ಲ.

ಅಮೆರಿಕದ ಲಿಟಲ್ ಲೀಗ್ 2007ರಿಂದ ಎಸೆತಗಳ ಮೇಲೆಯೇ ಮಿತಿ ಹಾಕಿದೆ ಎಂಬುದನ್ನು ನಾನು ತಿಳಿದದ್ದು ಆಮೇಲೆ. ಅಲ್ಲಿ ಒಂಬತ್ತು, ಹತ್ತು ವರ್ಷದವರು ದಿನಕ್ಕೆ 75, ಹನ್ನೊಂದು, ಹನ್ನೆರಡರವರು 85, ಹದಿಮೂರರಿಂದ ಹದಿನಾರರವರು 95ಕ್ಕಿಂತ ಹೆಚ್ಚು ಎಸೆತ ಹಾಕುವಂತಿಲ್ಲ. ಹದಿನಾಲ್ಕು ಮತ್ತು ಅದಕ್ಕಿಂತ ಕಡಿಮೆ ವಯಸ್ಸಿನ ಮಗು ಒಂದು ದಿನ 66 ಅಥವಾ ಅದಕ್ಕೂ ಹೆಚ್ಚು ಎಸೆದಿದ್ದರೆ ನಾಲ್ಕು ದಿನ ವಿಶ್ರಾಂತಿ ಕೊಡಲೇಬೇಕು. ನಮ್ಮ ಒಂದು ದಿನದ ಕ್ರೀಡಾಕೂಟದಲ್ಲಿ ಈ ನಿಯಮ ಪಾಲಿಸುವುದು ಅಸಾಧ್ಯ. ವಾರಕ್ಕೊಂದು ಪಂದ್ಯವಿದ್ದರೆ ವಿಶ್ರಾಂತಿ ತಾನಾಗಿಯೇ ಸಿಗುತ್ತದೆ, ಶಾಲೆಗೆ ಒಬ್ಬನೇ ಅಲ್ಲ, ಮೂವರು ಪಿಚರ್‌ಗಳು ತಯಾರಾಗುತ್ತಾರೆ. ಶನಿವಾರದ ಪಂದ್ಯಗಳನ್ನು ನಾನು ಇಷ್ಟು ಒತ್ತಿ ಕೇಳುವುದಕ್ಕೆ ಕಲಿಕೆ ಒಂದು ಕಾರಣವಾದರೆ, ಆ ಹುಡುಗನ ಮೊಣಕೈ ಇನ್ನೊಂದು. ನನ್ನ ಮಟ್ಟಿಗೆ ಎರಡನೆಯದೇ ದೊಡ್ಡದು.

ಬೇರೆ ನಾಡುಗಳಲ್ಲಿ ಈ ಆಟ ಮಕ್ಕಳಿಂದ ಹೇಗೆ ಬೇರೂರಿತೆಂದು ನೋಡಿದರೂ ಶಾಲೆ ಮತ್ತು ಶಿಕ್ಷಕರೇ ಕಾಣುತ್ತಾರೆ. ಜಪಾನಿಗೆ 1872ರಲ್ಲಿ ಬೇಸ್‌ಬಾಲ್ ತಂದವರು ಟೋಕಿಯೊದಲ್ಲಿ ಪಾಠ ಹೇಳುತ್ತಿದ್ದ ಹೊರೇಸ್ ವಿಲ್ಸನ್ ಎಂಬ ಅಮೆರಿಕದ ಶಿಕ್ಷಕರು. ಪ್ರೌಢಶಾಲೆಗಳ ಪಂದ್ಯಾವಳಿ 1915ರಲ್ಲಿ ಆರಂಭವಾಯಿತು. ತೈವಾನಿನ ಕತೆ ನಮಗೆ ಇನ್ನೂ ಹತ್ತಿರದ್ದು. ಅಲ್ಲಿನ ಗುಡ್ಡಗಾಡಿನ ಹೊಂಗ್ಯೆ ಎಂಬ ಹಳ್ಳಿಯ ಪ್ರಾಥಮಿಕ ಶಾಲೆಯ ಬುಡಕಟ್ಟು ಮಕ್ಕಳು ಕೋಲು, ಕಲ್ಲುಗಳಲ್ಲಿ ಅಭ್ಯಾಸ ಮಾಡಿದರೆಂದು ಹೇಳುತ್ತಾರೆ. 1968ರಲ್ಲಿ ಅವರು ಜಪಾನಿನಿಂದ ಬಂದ ತಂಡವನ್ನು ಸೋಲಿಸಿದಾಗ ದೇಶವೇ ಎದ್ದು ಕುಳಿತಿತು. ಮರುವರ್ಷ ತೈವಾನಿನ ಇನ್ನೊಂದು ತಂಡ ಲಿಟಲ್ ಲೀಗಿನ ವಿಶ್ವ ಸರಣಿ ಗೆದ್ದಿತು. ಇಂದು ಆ ದೇಶದ 500 ಡಾಲರ್ ನೋಟಿನ ಮೇಲೆ ಬೇಸ್‌ಬಾಲ್ ಆಡುವ ಶಾಲಾ ಮಕ್ಕಳ ಚಿತ್ರವಿದೆ. ಆದರೆ ಈ ಕತೆಯನ್ನು ಭಾಷಣಗಳಲ್ಲಿ ಹೇಳುವವರು ಅರ್ಧಕ್ಕೇ ನಿಲ್ಲಿಸುತ್ತಾರೆ. ಹೊಂಗ್ಯೆ ತಂಡದಲ್ಲಿ ವಯಸ್ಸು ಮೀರಿದ ಹುಡುಗರು ಬೇರೆಯವರ ಹೆಸರಿನಲ್ಲಿ ಆಡಿದ್ದರೆಂಬುದು ಆಮೇಲೆ ಬಯಲಾಯಿತು. ನಮ್ಮ ಶಾಲಾ ಕ್ರೀಡಾಕೂಟಗಳಲ್ಲಿ ಜನ್ಮದಿನಾಂಕದ ಜಗಳ ಕೇಳದ ದೈಹಿಕ ಶಿಕ್ಷಣ ಶಿಕ್ಷಕರು ಯಾರಿದ್ದಾರೆ? ಬೇಸ್‌ಬಾಲಿನಲ್ಲಿ ಹದಿನಾರರವನು ಹನ್ನೆರಡರವನ ಮುಖದತ್ತ ಚೆಂಡು ಬೀಸುತ್ತಾನೆ. ಕಬಡ್ಡಿಯಲ್ಲಿ ಅನ್ಯಾಯವಾಗುವ ಕೆಲಸ ಇಲ್ಲಿ ಅಪಾಯವೂ ಆಗುತ್ತದೆ.

ಗ್ಲೌಸು, ಬ್ಯಾಟು ಯಾವುದೂ ಕೈಗೆಟುಕದ ಶಾಲೆಗಳಿಗೆ ಬೇಸ್‌ಬಾಲ್ 5 ಎಂಬ ಸಣ್ಣ ರೂಪವಿದೆ. ಕ್ಯೂಬಾದ ಬೀದಿಗಳಲ್ಲಿ ಮಕ್ಕಳು ಆಡುತ್ತಿದ್ದ ಆಟದಿಂದ ಹುಟ್ಟಿದ ಇದಕ್ಕೆ ಒಂದು ರಬ್ಬರ್ ಚೆಂಡು ಸಾಕು. ಬ್ಯಾಟರನು ಚೆಂಡನ್ನು ತನ್ನ ಕೈಯಿಂದಲೇ ಹೊಡೆದು ಓಡುತ್ತಾನೆ. ಪಿಚರ್ ಇಲ್ಲ, ಆದ್ದರಿಂದ ಮೊಣಕೈಯ ಭಯವೂ ಇಲ್ಲ. ತಂಡಕ್ಕೆ ಐವರು, ಐದು ಇನ್ನಿಂಗ್, ಬೇಸುಗಳ ನಡುವೆ 13 ಮೀಟರ್; ಪ್ರಾರ್ಥನೆಗೆ ನಿಲ್ಲುವ ಅಂಗಳದಲ್ಲೇ ಆಡಬಹುದು. ಹುಡುಗರೂ ಹುಡುಗಿಯರೂ ಒಂದೇ ತಂಡದಲ್ಲಿ ಆಡುವ ಈ ಆಟವನ್ನು 2026ರ ಡಕಾರ್ ಯುವ ಒಲಿಂಪಿಕ್ಸಿಗೆ ಸೇರಿಸಲಾಗಿದೆ. ಬೇಸ್‌ಬಾಲ್ ಕೂಡ 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸಿಗೆ ಕ್ರಿಕೆಟ್ಟಿನ ಜೊತೆಗೇ ಮರಳುತ್ತಿದೆ. ಐದನೆಯ ತರಗತಿಯಿಂದ ಏಳನೆಯವರೆಗೆ ಬೇಸ್‌ಬಾಲ್ 5, ಎಂಟರಿಂದ ಗ್ಲೌಸು, ಬ್ಯಾಟಿನ ಆಟ ಎಂಬ ಕ್ರಮ ನಮ್ಮ ಸರ್ಕಾರಿ ಶಾಲೆಗಳಿಗೆ ಹೊಂದುತ್ತದೆಂದು ನನ್ನ ಅಭಿಪ್ರಾಯ. ಹೆಣ್ಣುಮಕ್ಕಳ ದೃಷ್ಟಿಯಿಂದಲೂ ಇದು ಒಳ್ಳೆಯದು. ಲಿಟಲ್ ಲೀಗಿನಂಥ ಸಂಸ್ಥೆಯೇ 1939ರಲ್ಲಿ ಹುಟ್ಟಿದರೂ ಹುಡುಗಿಯರಿಗೆ ಬಾಗಿಲು ತೆರೆದದ್ದು 1974ರಲ್ಲಿ, ಅದೂ ನ್ಯಾಯಾಲಯದ ಮೆಟ್ಟಿಲು ಹತ್ತಿದ ಮೇಲೆ. ನಾವು ಆ ತಪ್ಪಿನಿಂದ ಶುರುಮಾಡಬೇಕಾಗಿಲ್ಲ.

ಪಂದ್ಯಗಳ ಕಾಲವನ್ನು ನಿಗದಿ ಮಾಡುವಾಗ ನಮ್ಮ ಸೀಮೆಯ ಬದುಕನ್ನು ಮರೆಯಬಾರದು. ಮುಂಗಾರಿನಲ್ಲಿ ಮೈದಾನ ಒಣಗಿರುವುದಿಲ್ಲ, ಮಾರ್ಚಿನಲ್ಲಿ ಪರೀಕ್ಷೆ, ಏಪ್ರಿಲ್ಲಿನ ಬಿಸಿಲಿಗೆ ಮಕ್ಕಳನ್ನು ಬಯಲಲ್ಲಿ ನಿಲ್ಲಿಸುವುದು ಸಲ್ಲದು. ಉಳಿಯುವುದು ದಸರೆಯಿಂದ ಶಿವರಾತ್ರಿಯವರೆಗಿನ ದಿನಗಳು. ಅದೇ ಹೊತ್ತಿಗೆ ವಿಜಯಪುರ ಜಿಲ್ಲೆಯ ಎಷ್ಟೋ ಕುಟುಂಬಗಳು ಗುಳೆ ಹೋಗುತ್ತವೆ, ಕಬ್ಬಿನ ಕಟಾವೂ ಆರಂಭವಾಗಿರುತ್ತದೆ. ದೀಪಾವಳಿಯ ಮರುದಿನ ತಂಡದ ನಾಲ್ವರು ಕಾಣೆಯಾದರೆ ಶಿಕ್ಷಕ ಬೈಯುವುದು ಯಾರನ್ನು? ಆದ್ದರಿಂದ ಹದಿನೆಂಟು, ಇಪ್ಪತ್ತು ಮಕ್ಕಳ ಹೆಸರಿರುವ ತಂಡ ಬೇಕು, ಮರಳಿ ಬಂದ ಮಗುವನ್ನು ಅದೇ ವಾರ ಆಡಿಸುವ ಉದಾರತೆ ಬೇಕು. ಮೂರು ಜಿಲ್ಲೆಗಳನ್ನು ಒಟ್ಟಿಗೆ ಸೇರಿಸುವ ಆತುರವೂ ಬೇಡ. ರಬಕವಿ, ತೇರದಾಳ, ಜಮಖಂಡಿಗಳ ನಡುವೆ ಒಂದು ಗುಂಪು, ಬೆಳಗಾವಿ ನಗರದ ಶಾಲೆಗಳದೊಂದು, ವಿಜಯಪುರ ನಗರದ್ದೊಂದು; ಬಸ್ಸಿನಲ್ಲಿ ಹೋಗಿ ಸಂಜೆ ಹಾಲು ಕರೆಯುವ ಹೊತ್ತಿಗೆ ಮನೆಗೆ ಮರಳುವಷ್ಟು ದೂರ. ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯವೂ ಸೇರಿದಂತೆ ಈ ಭಾಗದಲ್ಲಿ ದೈಹಿಕ ಶಿಕ್ಷಣ ಕಲಿಯುವ ತರುಣ ತರುಣಿಯರಿದ್ದಾರೆ. ಅಂಪೈರ್ ಮತ್ತು ಅಂಕ ಬರೆಯುವ ಕೆಲಸವನ್ನು ಅವರ ತರಬೇತಿಯ ಭಾಗವಾಗಿ ಕೊಟ್ಟರೆ ಆಟ ಬಲ್ಲ ಶಿಕ್ಷಕರ ಕೊರತೆ ಕೆಲವೇ ವರ್ಷಗಳಲ್ಲಿ ನೀಗುತ್ತದೆ. ಸಾಮಗ್ರಿಯ ಪೆಟ್ಟಿಗೆಗಳಿಗೆ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಸಕ್ಕರೆ ಕಾರ್ಖಾನೆಗಳು ಮನಸ್ಸು ಮಾಡಿದರೆ ಸರ್ಕಾರದ ಆದೇಶಕ್ಕೆ ಕಾಯಬೇಕಾಗಿಲ್ಲ.

ಕಬಡ್ಡಿ, ಖೊಖೊ, ಕುಸ್ತಿ ಇರುವಾಗ ಇದೇಕೆ ಎಂದು ಕೇಳುವ ಗೆಳೆಯರಿದ್ದಾರೆ. ಅವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಚೆನ್ನಾಗಿ ನಡೆಯುತ್ತಿರುವ ಖೊಖೊ ತಂಡವನ್ನು ಒಡೆದು ಬೇಸ್‌ಬಾಲ್ ಕಟ್ಟುವುದಾದರೆ ಬೇಡವೇ ಬೇಡ. ರಾಮದುರ್ಗ ತಾಲ್ಲೂಕಿನ ಚಂದರಗಿ ಕ್ರೀಡಾ ಶಾಲೆಯಿರಲಿ, ವಿಜಯಪುರ ಮತ್ತು ಬಾಗಲಕೋಟೆಯ ಸೈಕ್ಲಿಂಗ್ ಇರಲಿ, ಈ ಭಾಗದಲ್ಲಿ ಬೆಳೆದ ಕ್ರೀಡೆಗಳೆಲ್ಲ ವರ್ಷವಿಡೀ ಬೆವರು ಸುರಿಸಿದ್ದರಿಂದ ಬೆಳೆದವೇ ಹೊರತು ಸುತ್ತೋಲೆಯಿಂದಲ್ಲ. ಬೇಸ್‌ಬಾಲಿಗೆ ಅಷ್ಟು ಸಮಯ ಕೊಡುವ ಮನಸ್ಸು ಇಲಾಖೆಗೆ ಇಲ್ಲವಾದರೆ ಅದನ್ನು ಕ್ರೀಡಾಕೂಟದ ಪಟ್ಟಿಯಿಂದ ತೆಗೆದುಹಾಕಲಿ. ಮಕ್ಕಳಿಗೆ ಆಡದ ಆಟದ ಪ್ರಮಾಣಪತ್ರ ಕೊಡುವುದಕ್ಕಿಂತ ಅದು ಪ್ರಾಮಾಣಿಕವಾದದ್ದು.

ಕೊನೆಗೆ ತಮ್ಮಲ್ಲೂ ಒಂದು ವಿನಂತಿ. ತಂಡ ಆಯ್ಕೆಯಾದ ದಿನ ಹಾರದ ಚಿತ್ರ ಪ್ರಕಟಿಸುವಷ್ಟೇ ಜಾಗವನ್ನು ಪಂದ್ಯ ಮುಗಿದ ದಿನ ಅಂಕಗಳಿಗೆ ಕೊಡಿ: ಯಾವ ಶಾಲೆ, ಎಷ್ಟು ರನ್, ಯಾರು ಎಸೆದರು, ಎಷ್ಟು ಎಸೆದರು. ನಿವೃತ್ತಿಯ ಬಳಿಕ ನಾನು ಜಮಖಂಡಿಯಲ್ಲಿ ಭಾನುವಾರ ಬೆಳಿಗ್ಗೆ ಇಪ್ಪತ್ತೆರಡು ಮಕ್ಕಳಿಗೆ ಆಟ ಹೇಳಿಕೊಡುತ್ತಿದ್ದೇನೆ. ಎಸೆತ ಎಣಿಸುವ ಕೆಲಸ ಆರನೆಯ ತರಗತಿಯ ಒಬ್ಬ ಹುಡುಗಿಯದು. ನಲವತ್ತಾದ ಕೂಡಲೇ ಅವಳು ಸೀಟಿ ಊದುತ್ತಾಳೆ, ನಾನು ಬೇಡಿಕೊಂಡರೂ ಇನ್ನೊಂದು ಎಸೆತಕ್ಕೆ ಬಿಡುವುದಿಲ್ಲ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ,
ಜಮಖಂಡಿ, ಬಾಗಲಕೋಟೆ ಜಿಲ್ಲೆ